ಅರುವತ್ತು ದಾಟಿ ಕುಂಚ ಹಿಡಿದ ಕವಿ

ಹೊಸ ವಿದ್ಯೆಯೊಂದನ್ನು ಕಲಿಯುವ ಮಾತು ಬಂದೊಡನೆ, ಇನ್ನು ನಮಗೆಲ್ಲಿಯ ಕಲಿಕೆ, ವಯಸ್ಸು ಮೀರಿತು ಎಂದು ಕೈಚೆಲ್ಲುವವರು ನಮ್ಮಲ್ಲಿ ಬಹುಮಂದಿ. ಹಾಗೆ ಹೇಳುವವರಲ್ಲಿ ಮೂವತ್ತು ತುಂಬದ ತರುಣರೂ ಇರುವುದುಂಟು. ಹಗಲೆಲ್ಲ ಹೋಟೆಲಿನ ಗಲ್ಲೆಯಲ್ಲಿಯೋ ಪೇಢಿಯ ಲೆಕ್ಕದ ಪುಸ್ತಕದೆದುರಿನಲ್ಲಿಯೋ ಕುಳಿತು ಬೆನ್ನು ಸೋತವನ ಬಾಯಲ್ಲಿ ಆ ಮಾತು ಬಂದರೆ ಅದರಲ್ಲಿ ತಪ್ಪು ಹುಡುಕಲಾಗದು. ಆದರೆ ಇದೇ ಮಾತನ್ನು ಲೋಕವೇ ಕೊಂಡಾಡಿದ ಮಹಾಕವಿಯೊಬ್ಬರು ತಮ್ಮ ಮೂವತ್ತೆರಡನೆಯ ವಯಸ್ಸಿನಲ್ಲಿ ಹೇಳಿದ್ದರೆಂಬುದೂ, ಆಮೇಲೆ ಮೂವತ್ತು ವರ್ಷಗಳು ಕಳೆದ ಬಳಿಕ ತಮ್ಮ ಮಾತನ್ನು ತಾವೇ ಸುಳ್ಳಾಗಿಸಿದರೆಂಬುದೂ ನಮ್ಮ ವಾಚಕರಲ್ಲಿ ಹೆಚ್ಚಿನವರಿಗೆ ತಿಳಿದಿರಲಾರದು. ಆ ಕವಿಯೇ ರವೀಂದ್ರನಾಥ ಠಾಕೂರರು.

ರವೀಂದ್ರರು ಕವಿಗಳೆಂದು ಶಾಲೆಯ ಮಕ್ಕಳೂ ಬಲ್ಲರು. ನಮ್ಮ ರಾಷ್ಟ್ರಗೀತೆ ಅವರದು. 1913ರಲ್ಲಿ ನೊಬೆಲ್ ಪಾರಿತೋಷಕವು ಅವರಿಗೆ ದೊರೆತುದನ್ನೂ, ಜಲಿಯನ್‌ವಾಲಾ ಬಾಗಿನ ಹತ್ಯಾಕಾಂಡದ ಬಳಿಕ 1919ರಲ್ಲಿ ಅವರು ಸರ್ ಎಂಬ ಬಿರುದನ್ನು ಸರಕಾರಕ್ಕೆ ಮರಳಿಸಿದುದನ್ನೂ ಇಲ್ಲಿ ವಿಸ್ತರಿಸಬೇಕಾದುದಿಲ್ಲ. ನಾವು ಹೇಳಹೊರಟಿರುವುದು ಅವರ ಬಾಳಿನ ಸಂಜೆಯ ಕಥೆಯನ್ನು. ಎರಡು ಸಾವಿರಕ್ಕೂ ಮಿಕ್ಕಿದ ಚಿತ್ರಗಳನ್ನು ಅವರು ಬರೆದರು. ಅವುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಅರುವತ್ತೇಳರಿಂದ ಎಂಬತ್ತರವರೆಗಿನ ವಯಸ್ಸಿನಲ್ಲಿ ಮೂಡಿದವು.

1861ನೆಯ ಇಸವಿ ಮೇ 7ರಂದು ಕಲಕತ್ತೆಯ ಜೋರಾಸಾಂಕೋ ಎಂಬಲ್ಲಿದ್ದ ಠಾಕೂರರ ಮನೆತನದ ದೊಡ್ಡ ಮನೆಯಲ್ಲಿ ಅವರ ಜನನವಾಯಿತು. ತಂದೆ ದೇವೇಂದ್ರನಾಥರು, ತಾಯಿ ಶಾರದಾದೇವಿ. ಮನೆತುಂಬ ಅಣ್ಣಂದಿರು, ಅಕ್ಕಂದಿರು, ಸೇವಕರು. ಬಾಲಕನಿಗೆ ಶಾಲೆ ಎಂದರೆ ಸೆರೆಮನೆ. ಶಾಲೆಯಿಂದ ಮರಳಿದ ಮೇಲೂ ಬಿಡುಗಡೆಯಿರಲಿಲ್ಲ. ಅಂಗಸಾಧನೆಯ ಗುರು ಹೋದೊಡನೆ ಚಿತ್ರಕಲೆಯ ಗುರು ಬರುತ್ತಿದ್ದರು, ಅವರು ಎದ್ದೊಡನೆ ಇಂಗ್ಲಿಷ್ ಕಲಿಸುವವರು ಬರುತ್ತಿದ್ದರು. ಹೀಗೆ ಪೆನ್ಸಿಲಿನ ಪರಿಚಯವು ಬಾಲ್ಯದಲ್ಲಿಯೇ ಆಯಿತಾದರೂ ಅದು ಕೈಗೆ ಹತ್ತಲಿಲ್ಲ. ಅಣ್ಣ ಜ್ಯೋತಿರಿಂದ್ರನಾಥರು ಎದುರು ಕುಳಿತವರ ಮುಖವನ್ನು ಪೆನ್ಸಿಲಿನಿಂದ ಸೊಗಸಾಗಿ ಬರೆಯಬಲ್ಲವರಾಗಿದ್ದರು. ಮುಂದೆ ಅದೇ ಮನೆತನದ ಹುಡುಗರಾದ ಗಗನೇಂದ್ರನಾಥ, ಅವನೀಂದ್ರನಾಥರು ಭಾರತದ ಹೆಸರಾಂತ ಚಿತ್ರಕಾರರಾದರು. ಮೈಸೂರಿನ ನಮ್ಮ ಕೆ. ವೆಂಕಟಪ್ಪನವರು ಕಲಕತ್ತೆಗೆ ಹೋಗಿ ಕಲಿತುದು ಈ ಅವನೀಂದ್ರರ ಬಳಿಯಲ್ಲಿಯೇ. ಇಂತಹ ಮನೆಯಲ್ಲಿದ್ದುಕೊಂಡು, ತನಗೆ ಮಾತ್ರ ಈ ವಿದ್ಯೆ ಒಲಿಯಲಿಲ್ಲವಲ್ಲ ಎಂಬ ಕೊರಗು ಎಷ್ಟು ಚುಚ್ಚಿದ್ದೀತೆಂಬುದನ್ನು, ಹಾಡುವವರ ಮನೆಯಲ್ಲಿ ಕಂಠವಿಲ್ಲದೆ ಹುಟ್ಟಿದವರು ಬಲ್ಲರು.

ರವೀಂದ್ರರಿಗೂ ನಮ್ಮ ಈ ಮುಂಬಯಿಗೂ ಇದ್ದ ನಂಟು ಹಳೆಯದು. ಅವರ ಎರಡನೆಯ ಅಣ್ಣ ಸತ್ಯೇಂದ್ರನಾಥರು ಐ.ಸಿ.ಎಸ್. ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದ ಮೊದಲನೆಯ ಭಾರತೀಯರು. ಮುಂಬಯಿ ಇಲಾಖೆಯಲ್ಲಿ ನ್ಯಾಯಾಧೀಶರಾಗಿದ್ದರು. ತಮ್ಮನನ್ನು ವಿಲಾಯತಿಗೆ ಕರೆದೊಯ್ಯುವ ಮೊದಲು ಆತನಿಗೆ ಇಂಗ್ಲಿಷ್ ಮಾತುಕತೆ, ಪಾಶ್ಚಾತ್ಯ ರೀತಿನೀತಿ ಅಭ್ಯಾಸವಾಗಲೆಂದು ಅವರು 1878ರಲ್ಲಿ ಆತನನ್ನು ಮುಂಬಯಿಯ ಡಾಕ್ಟರ್ ಆತ್ಮಾರಾಮ ಪಾಂಡುರಂಗ ತರ್ಖಡಕರರ ಮನೆಯಲ್ಲಿ ಬಿಟ್ಟರು. ಪ್ರಾರ್ಥನಾ ಸಮಾಜವನ್ನು 1867ರಲ್ಲಿ ಸ್ಥಾಪಿಸಿದವರು ಇದೇ ಡಾಕ್ಟರರು. ಗಿರ್‌ಗಾಂವಿನ ಆ ಹೆಸರಿನ ನಾಕೆಯನ್ನು ನಮ್ಮವರು ದಿನವೂ ಹಾದುಹೋಗುತ್ತಾರೆ. ಅವರ ಮಗಳು, ವಿಲಾಯತಿಯನ್ನು ಕಂಡುಬಂದಿದ್ದ ಅನ್ನಪೂರ್ಣೆ, ಹದಿನೇಳರ ಆ ನಾಚುಗೆಯ ಹುಡುಗನಿಗೆ ಗುರುವಾದಳು. ಪಾಂಡಿತ್ಯದಲ್ಲಿ ಆಕೆಯ ಸರಿಸಮ ನಿಲ್ಲಲಾರೆನೆಂದು ತಿಳಿದ ಶಿಷ್ಯನು ತನ್ನ ಕವಿತ್ವವನ್ನೇ ಮುಂದೊಡ್ಡಿ, ಆಕೆಗೆ ನಳಿನಿ ಎಂಬ ಹೆಸರನ್ನಿಟ್ಟನು.

ಐದು ವರ್ಷಗಳ ಅನಂತರ, 1883ರಲ್ಲಿ, ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ರವೀಂದ್ರರು ನಮ್ಮ ಕರಾವಳಿಗೂ ಬಂದರು. ಉತ್ತರ ಕನ್ನಡ ಜಿಲ್ಲೆಯು ಆಗ ಮುಂಬಯಿ ಇಲಾಖೆಗೆ ಸೇರಿತ್ತು. ಪ್ರಕೃತಿಯ ಪ್ರತಿಶೋಧವೆಂಬ ನಾಟಕವನ್ನು ಅವರು ಬರೆದುದು ಅಲ್ಲಿಯೇ. ಆ ಕಡಲತೀರವು ಇಂದಿಗೂ ಅವರ ಹೆಸರನ್ನು ಹೊತ್ತಿದೆ. ಅರ್ಧಚಂದ್ರಾಕಾರದ ಕಡಲು, ಗಾಳಿಮರಗಳ ತೋಪು, ಬೆಳದಿಂಗಳಲ್ಲಿ ಕಾಳೀನದಿಯ ಮೇಲೆ ದೋಣಿಯಲ್ಲಿ ಹೋಗಿ ಹಳೆಯ ಕೋಟೆಯ ಗುಡ್ಡವನ್ನು ಕಂಡುದು, ಮರಳುವಾಗ ನಿಶ್ಶಬ್ದವಾದ ಮಳಲಿನ ಮೇಲೆ ನಡೆದುಬಂದುದು, ಇವನ್ನೆಲ್ಲ ಅವರು ತಮ್ಮ ನೆನಪುಗಳ ಪುಸ್ತಕದಲ್ಲಿ ವರ್ಣಿಸಿದ್ದಾರೆ. ಆ ಪುಟಗಳನ್ನು ಓದಿದಾಗ, ಕುಂಚ ಹಿಡಿಯುವ ನಾಲ್ವತ್ತು ವರ್ಷ ಮೊದಲೇ ಚಿತ್ರಕಾರನ ಕಣ್ಣು ಅವರಲ್ಲಿ ತೆರೆದಿತ್ತೆಂದು ನಮಗನ್ನಿಸುತ್ತದೆ. ಬಣ್ಣಕ್ಕಿಂತ ಹೆಚ್ಚಾಗಿ ಬೆಳಕು ನೆರಳುಗಳನ್ನೇ ಆ ಕಣ್ಣು ಕಂಡಿತ್ತೆಂಬುದು ಗಮನಿಸತಕ್ಕ ವಿಷಯ. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇವೆ.

ಚಿತ್ರಕಲೆಯ ಹಂಬಲವು ಅವರನ್ನು ಬಿಡಲಿಲ್ಲ. 1893ರಲ್ಲಿ ಅಣ್ಣನ ಮಗಳು ಇಂದಿರಾದೇವಿಗೆ ಬರೆದ ಓಲೆಯೊಂದರಲ್ಲಿ ಅವರು, ಚಿತ್ರವಿದ್ಯೆಯ ಕಡೆಗೆ ತಾವು ನಿರಾಶನಾದ ಪ್ರಣಯಿಯಂತೆ ಆಸೆಗಣ್ಣಿನಿಂದ ನೋಡುತ್ತಿರುವುದಾಗಿಯೂ, ಆದರೆ ಆಕೆಯನ್ನು ಒಲಿಸಿಕೊಳ್ಳುವ ವಯಸ್ಸು ದಾಟಿಹೋಯಿತೆಂದೂ ತೋಡಿಕೊಂಡರು. ನಾವು ಮೊದಲಿಗೇ ಹೇಳಿದ ಮೂವತ್ತೆರಡರ ಮಾತು ಇದೇ. 1900ರಲ್ಲಿ ಗೆಳೆಯರಾದ ವಿಜ್ಞಾನಿ ಜಗದೀಶಚಂದ್ರ ಬೋಸರಿಗೆ, ತಾವು ಚಿತ್ರದ ಪುಸ್ತಕ ಹಿಡಿದು ಕುಳಿತಿರುವ ಸುದ್ದಿಯನ್ನು ವಿನೋದವಾಗಿ ತಿಳಿಸಿದರು. ಪೆನ್ಸಿಲಿಗಿಂತ ರಬ್ಬರೇ ಹೆಚ್ಚು ಓಡುತ್ತಿರುವುದರಿಂದ, ಸತ್ತ ರಾಫೆಲನು ತನ್ನ ಸಮಾಧಿಯಲ್ಲಿ ನಿಶ್ಚಿಂತನಾಗಿ ಮಲಗಿರಬಹುದೆಂದು ಅದರ ತಾತ್ಪರ್ಯ. ನಗೆಯ ಮಾತು ನಿಜ. ಆದರೆ ಸೋತ ಮನುಷ್ಯನ ನಗೆ ಅದು. ಪುಸ್ತಕವನ್ನು ಮುಚ್ಚಿಟ್ಟರು.

ಆಮೇಲಿನ ವರ್ಷಗಳು ದುಃಖದವು, ದುಡಿಮೆಯವು. 1902ರಲ್ಲಿ ಹೆಂಡತಿ ಮೃಣಾಲಿನಿ ತೀರಿಕೊಂಡರು. ಮರುವರ್ಷ ಮಗಳು ರೇಣುಕಾ. 1907ರಲ್ಲಿ ಕಿರಿಯ ಮಗ ಶಮೀಂದ್ರ. 1918ರಲ್ಲಿ ಹಿರಿಯ ಮಗಳು ಮಾಧುರೀಲತಾ. ಇವುಗಳ ನಡುವೆಯೇ ಶಾಂತಿನಿಕೇತನದ ಶಾಲೆಯನ್ನು ನಡೆಯಿಸಿದರು, ವಿಶ್ವಭಾರತಿಯನ್ನು ಕಟ್ಟಿದರು. ಕಲಾಭವನವನ್ನು ತೆರೆದು ನಂದಲಾಲ ಬಸುರವರನ್ನು ಅದಕ್ಕೆ ಗುರುವನ್ನಾಗಿ ತಂದರು. 1916ರಲ್ಲಿ ಜಪಾನಿಗೆ ಹೋಗಿ ಅಲ್ಲಿನ ಚಿತ್ರಗಳನ್ನು ಕಂಡಾಗ, ಮನೆಯ ಮೂಲೆಯಲ್ಲಿ ಕುಳಿತಿರದೆ ಹೊರಬಂದು ಲೋಕವನ್ನು ನೋಡಿರೆಂದು ಅವನೀಂದ್ರ ಗಗನೇಂದ್ರರಿಗೆ ಒತ್ತಿ ಬರೆದರು. ಎಲ್ಲರ ಕೈಗೂ ಕುಂಚ ಕೊಟ್ಟರು. ತಾವು ಮಾತ್ರ ಮುಟ್ಟಲಿಲ್ಲ.

ಕೊನೆಗೆ ಕುಂಚವು ಅವರ ಕೈಗೆ ಬಂದ ದಾರಿ ವಿಚಿತ್ರವಾದುದು. ಲೆಕ್ಕದ ಪುಸ್ತಕದಲ್ಲಿ ತಪ್ಪು ಬಿದ್ದರೆ ಗುಮಾಸ್ತನು ಅದರ ಮೇಲೆ ಗೆರೆ ಎಳೆದು ಮುಂದಿನ ಸಾಲಿಗೆ ಹೋಗುತ್ತಾನೆ. ಕವಿಗಳೂ ಹಾಗೆಯೇ. ಆದರೆ ರವೀಂದ್ರರಿಗೆ ಹಸ್ತಪ್ರತಿಯ ಮೇಲೆ ಅಲ್ಲಲ್ಲಿ ಬಿದ್ದಿರುವ ಕಾಟುಗಳು ಗಾಯಗಳಂತೆ ಕಣ್ಣಿಗೆ ಚುಚ್ಚುತ್ತಿದ್ದವು. ಹೊಡೆದುಹಾಕಿದ ಆ ಪದಗಳು ದಿಕ್ಕಿಲ್ಲದ ಅನಾಥರಂತೆ ತಮ್ಮ ಕಡೆಗೆ ನೋಡುತ್ತಿರುವಂತೆ ಅವರಿಗೆ ತೋರಿತು. ಒಂದು ಕಾಟನ್ನು ಇನ್ನೊಂದಕ್ಕೆ ಗೆರೆಯಿಂದ ಕೂಡಿಸಿದರು; ಅಲ್ಲಿ ಕೊಕ್ಕು ಮೂಡಿತು. ಮತ್ತೊಂದಕ್ಕೆ ಕೂಡಿಸಿದರು, ಬಾಲ ಬಂತು. ಹೀಗೆ ಕವಿತೆಯ ನಡುವೆ ಎಲ್ಲಿಯೂ ಕಾಣದ ಹಕ್ಕಿಯೋ, ಹಲ್ಲು ಕಿಸಿದ ಮೃಗವೋ, ಬಳ್ಳಿಯೋ ತಲೆಯೆತ್ತಿತು. ಅವರಿಗೆ ಮನುಷ್ಯನ ಮೈಕಟ್ಟನ್ನು ಅಳತೆಯಿಟ್ಟು ಬರೆಯಲು ಬರುತ್ತಿರಲಿಲ್ಲ. ಆದರೆ ಐವತ್ತು ವರ್ಷ ಬರೆದ ಕೈಗೆ ಗೆರೆಯ ಓಟವೂ ಲಯವೂ ತಿಳಿದಿದ್ದವು. ಬಲ್ಲುದನ್ನು ಹಿಡಿದುಕೊಂಡು ಅವರು ಅರಿಯದುದರೊಳಕ್ಕೆ ಇಳಿದರು ಎಂದರೆ ಸರಿಯಾದೀತು.

ಇದನ್ನು ಮೊದಲು ಗುರುತಿಸಿದವರು ದೂರದೇಶದ ಒಬ್ಬ ಮಹಿಳೆ. 1924ರಲ್ಲಿ ಪೆರು ದೇಶಕ್ಕೆ ಹೊರಟಿದ್ದ ರವೀಂದ್ರರು ದಾರಿಯಲ್ಲಿ ಅಸ್ವಸ್ಥರಾಗಿ ಅರ್ಜೆಂಟೀನಾದಲ್ಲಿ ಇಳಿಯಬೇಕಾಯಿತು. ಆಗ ಅವರಿಗೆ ಅರುವತ್ತಮೂರು ವರ್ಷ. ವಿಕ್ಟೋರಿಯಾ ಒಕಾಂಪೊ ಎಂಬ ಲೇಖಕಿ ಬ್ಯೂನೊಸ್ ಐರೆಸಿನ ಸಮೀಪದ ನದೀತೀರದ ಮನೆಯೊಂದರಲ್ಲಿ ಅವರನ್ನಿರಿಸಿ ಉಪಚರಿಸಿದಳು. ಅಲ್ಲಿ ಅವರು ಪೂರಬೀ ಎಂಬ ಸಂಗ್ರಹದ ಕವಿತೆಗಳನ್ನು ಬರೆಯುತ್ತಿದ್ದರು. ಆಕೆಗೆ ಬಂಗಾಲಿ ಬಾರದು. ಅದರಿಂದಲೇ ಇರಬೇಕು, ಆಕೆಯ ಕಣ್ಣು ಅಕ್ಷರವನ್ನು ಬಿಟ್ಟು ಕಾಟುಗಳ ಮೇಲೆ ನಿಂತಿತು. ಓದಬಲ್ಲವರೆಲ್ಲ ಪದ್ಯವನ್ನು ನೋಡಿದರು, ಓದಲಾರದವಳು ಚಿತ್ರವನ್ನು ಕಂಡಳು.

ಅಲ್ಲಿಂದ ಮುಂದೆ ನಾಲ್ಕು ವರ್ಷ ಅದು ಹಸ್ತಪ್ರತಿಯ ಅಂಚಿನ ಆಟವಾಗಿಯೇ ಉಳಿಯಿತು. 1928ರ ಬೇಸಗೆಯಲ್ಲಿ ಅವರು ಬೆಂಗಳೂರಿಗೆ ಬಂದು, ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ವ್ರಜೇಂದ್ರನಾಥ ಶೀಲರ ಅತಿಥಿಯಾಗಿ ಬಾಲಬ್ರೂಯಿ ಬಂಗಲೆಯಲ್ಲಿ ಉಳಿದು, ಶೇಷೇರ್ ಕವಿತಾ ಕಾದಂಬರಿಯನ್ನು ಮುಗಿಸಿದರು. ಆ ವರ್ಷವೇ ಅವರ ಕೈ ಕವಿತೆಯ ಹಂಗನ್ನು ಬಿಟ್ಟು ಬರಿಯ ಹಾಳೆಯ ಮೇಲೆ ಚಿತ್ರಗಳನ್ನು ಬರೆಯತೊಡಗಿತು. ವರ್ಷಾಂತ್ಯದೊಳಗೆ, ಗೆರೆಗಳು ತಮ್ಮನ್ನು ಸೆರೆಹಿಡಿದಿವೆಯೆಂದೂ ಬೇರಾವ ಕೆಲಸವೂ ರುಚಿಸದೆಂದೂ ಆಪ್ತರಿಗೆ ಬರೆದರು.

ಅವರ ಸಾಧನಗಳನ್ನು ಕೇಳಿದರೆ ವಾಚಕರು ಬೆರಗಾಗಬಹುದು. ತೈಲವರ್ಣ, ಕಾನ್ವಾಸುಗಳ ಗೊಡವೆ ಇಲ್ಲವೆಂಬಷ್ಟು ಕಡಿಮೆ. ಕೈಗೆ ಸಿಕ್ಕ ಕಾಗದ, ಬರೆಯುವ ಪೆನ್ನು, ಪೆಲಿಕಾನ್ ಕಂಪೆನಿಯ ಬಣ್ಣಬಣ್ಣದ ಶಾಯಿಯ ಸೀಸೆಗಳು ಇಷ್ಟೇ. ಕುಂಚ ದೊರೆಯದಿದ್ದರೆ ಬಟ್ಟೆಯ ಚೂರು, ಅದೂ ಇಲ್ಲದಿದ್ದರೆ ಬೆರಳು. ಹೂವಿನ ಎಸಳುಗಳನ್ನು ಹಿಂಡಿ ಬಣ್ಣ ಮಾಡಿಕೊಂಡುದೂ ಉಂಟು. ಕುಳಿತಲ್ಲಿಯೇ ಒಂದು ಚಿತ್ರವನ್ನು ಮುಗಿಸಿ ಏಳುವುದು ಅವರ ರೂಢಿ. ಮುಂಚಿತವಾಗಿ ಯೋಚಿಸಿಟ್ಟ ವಿಷಯವಿಲ್ಲ. ಗೆರೆ ಎಲ್ಲಿಗೆ ಒಯ್ದರೆ ಅಲ್ಲಿಗೆ.

ಮೇಲೆ ಹೇಳಿದ ಬಣ್ಣದ ವಿಷಯಕ್ಕೆ ಬರೋಣ. ರವೀಂದ್ರರ ಕಣ್ಣಿಗೆ ಕೆಂಪು ಬಣ್ಣವು ನಮಗೆ ಕಾಣುವಂತೆ ಕಾಣುತ್ತಿರಲಿಲ್ಲ. ಕೆಂಪು ಹಸುರುಗಳ ಭೇದ ಅವರಿಗೆ ಅಸ್ಪಷ್ಟವಾಗಿತ್ತೆಂದು ಅವರ ಚಿತ್ರಗಳನ್ನೂ ಹತ್ತಿರದವರ ನೆನಪುಗಳನ್ನೂ ಪರಿಶೀಲಿಸಿದ ವಿದ್ವಾಂಸರು ತಿಳಿಸುತ್ತಾರೆ. ಚಿತ್ರಕಾರನಾಗಬಯಸುವವನಿಗೆ ಇದಕ್ಕಿಂತ ದೊಡ್ಡ ಕೊರತೆ ಬೇರೇನಿದ್ದೀತು? ಆದರೂ ಅವರು ತಮಗೆ ಕಂಡ ಬಣ್ಣಗಳಿಂದಲೇ ಬರೆದರು. ಕಂದು, ಕಪ್ಪು, ಮಾಸಲು ನೀಲಿಗಳ ಹಿಂದಿನಿಂದ ಸೋಸಿಬರುವ ಹಳದಿಯ ಸಂಜೆಬೆಳಕು ಅವರ ಭೂದೃಶ್ಯಗಳಿಗೆ ಇರುವಂತೆ ಬೇರಾರ ಚಿತ್ರಗಳಿಗೂ ಇಲ್ಲ. ಮತ್ತೆ ಆ ಮುಖಗಳು! ಸೆರಗು ಹೊದ್ದ, ಮೊಟ್ಟೆಯಾಕಾರದ, ಮಾತನಾಡದ ಹೆಂಗಸರ ಮುಖಗಳು. ರವೀಂದ್ರರ ಮದುವೆಯಾದ ಕೆಲವೇ ತಿಂಗಳುಗಳಲ್ಲಿ, 1884ರಲ್ಲಿ, ಅಕಾಲಮರಣಕ್ಕೀಡಾದ ಅತ್ತಿಗೆ ಕಾದಂಬರಿಯ ನೆನಪೇ ಅವುಗಳಲ್ಲಿದೆಯೆಂದು ಕೆಲವರು ಊಹಿಸುವುದುಂಟು. ಕವಿಯಂತೂ ಏನನ್ನೂ ಹೇಳಲಿಲ್ಲ. ಚಿತ್ರಗಳಿಗೆ ಹೆಸರಿಡಲು ಸಹ ಒಪ್ಪಲಿಲ್ಲ.

ಇನ್ನು ಇವನ್ನು ನಾಲ್ಕು ಜನರಿಗೆ ತೋರಿಸುವ ಪ್ರಶ್ನೆ. ಇಲ್ಲಿ ಅವರ ಎದೆಗಾರಿಕೆಯನ್ನೂ ಅಳುಕನ್ನೂ ಒಟ್ಟಿಗೆ ಕಾಣಬೇಕು. ಅಪರಿಚಿತನೊಬ್ಬನು ಕೆಟ್ಟ ಚಿತ್ರ ಬರೆದರೆ ಅವನ ನೆರೆಯವರು ಮಾತ್ರ ನಕ್ಕಾರು. ರವೀಂದ್ರರು ಬರೆದರೆ ಜಗತ್ತೇ ನಗಬಹುದು. ಕಾವ್ಯದಲ್ಲಿ ಗಳಿಸಿದ ಅರ್ಧ ಶತಮಾನದ ಕೀರ್ತಿಯನ್ನು ಅವರು ಪಣವಾಗಿಡಬೇಕಾಗಿತ್ತು. ಸ್ವದೇಶದಲ್ಲಿ ಮೊದಲು ತೋರಿಸುವ ಧೈರ್ಯ ಅವರಿಗೆ ಬರಲಿಲ್ಲ. 1930ರಲ್ಲಿ ಆಕ್ಸ್‌ಫರ್ಡಿನಲ್ಲಿ ಉಪನ್ಯಾಸಗಳಿಗಾಗಿ ಹೊರಟಾಗ ಚಿತ್ರಗಳ ಕಟ್ಟನ್ನು ಜೊತೆಗೆ ಕಟ್ಟಿಕೊಂಡರು. ಪ್ಯಾರಿಸಿನಲ್ಲಿ ಪ್ರದರ್ಶನಶಾಲೆಯು ದೊರೆಯಬೇಕಾದರೆ ಬಹುಕಾಲ ಕಾಯಬೇಕೆಂದು ಅಲ್ಲಿಯವರು ಹೇಳಿದರು. ಆಗ ಒದಗಿದವಳು ಅದೇ ವಿಕ್ಟೋರಿಯಾ. ಆಕೆ ಕೆಲವೇ ದಿನಗಳಲ್ಲಿ ಪಿಗಾಲ್ ಕಲಾಶಾಲೆಯನ್ನು ಗೊತ್ತುಮಾಡಿದಳು. ಮೇ ತಿಂಗಳ ಮೊದಲ ವಾರದಲ್ಲಿ, ಅರುವತ್ತೊಂಬತ್ತು ತುಂಬಲು ಕೆಲವು ದಿನಗಳಿರುವಾಗ, ರವೀಂದ್ರರು ಚಿತ್ರಕಾರನಾಗಿ ಲೋಕದ ಮುಂದೆ ನಿಂತರು.

ಜನ ನಗಲಿಲ್ಲ. ಆ ವರ್ಷವೇ ಬರ್ಮಿಂಗ್‌ಹ್ಯಾಮ್, ಲಂಡನ್, ಬರ್ಲಿನ್, ಡ್ರೆಸ್ಡನ್, ಮ್ಯೂನಿಕ್, ಕೋಪನ್‌ಹೇಗನ್, ಜಿನೀವಾ, ಮಾಸ್ಕೋ, ಬೋಸ್ಟನ್, ನ್ಯೂಯಾರ್ಕುಗಳಲ್ಲಿ ಪ್ರದರ್ಶನಗಳಾದವು. ಬರ್ಲಿನ್ನಿನ ರಾಷ್ಟ್ರೀಯ ಕಲಾಶಾಲೆಗೆ ಅವರ ಐದು ಚಿತ್ರಗಳು ಸೇರಿದವು. ತಮ್ಮ ಕವಿತೆಗಳು ಸ್ವದೇಶದವರಿಗಾಗಿ, ಚಿತ್ರಗಳು ಪಶ್ಚಿಮದವರಿಗೆ ತಮ್ಮ ಕಾಣಿಕೆ ಎಂದು ಅವರು ಆ ದಿನಗಳಲ್ಲಿ ತಿಳಿಸಿದರು. ಕವಿತೆಯನ್ನು ಭಾಷಾಂತರಿಸಬೇಕು, ಅದರಲ್ಲಿ ಅರ್ಧ ಸೋರಿಹೋಗುತ್ತದೆ. ಚಿತ್ರಕ್ಕೆ ಆ ತೊಂದರೆಯಿಲ್ಲ. ಕನ್ನಡವನ್ನು ಮನೆಯಲ್ಲಿಟ್ಟು ಬೀದಿಯಲ್ಲಿ ಮರಾಠಿ, ಗುಜರಾತಿ, ಹಿಂದಿಗಳಲ್ಲಿ ವ್ಯವಹರಿಸುವ ನಮಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸ್ವದೇಶದ ಅನುಭವವು ಬೇರೆಯಾಗಿತ್ತು. 1932ರ ಫೆಬ್ರವರಿಯಲ್ಲಿ ಕಲಕತ್ತೆಯ ಸರಕಾರಿ ಕಲಾಶಾಲೆಯಲ್ಲಿ, ಅಲ್ಲಿನ ಮುಖ್ಯಾಧ್ಯಾಪಕ ಮುಕುಲ ದೇಯವರ ಆಸಕ್ತಿಯಿಂದ ಪ್ರದರ್ಶನವೇರ್ಪಟ್ಟಿತು. ಹೆಸರಿಗೆ ಮರ್ಯಾದೆ ದೊರೆಯಿತು, ಚಿತ್ರಗಳಿಗೆ ದೊರೆಯಲಿಲ್ಲ. ದೇವದೇವತೆಗಳ ಕೋಮಲ ಚಿತ್ರಗಳಿಗೆ ಒಗ್ಗಿದ್ದ ಕಣ್ಣುಗಳಿಗೆ ಈ ವಕ್ರ ಮೃಗಗಳೂ ಮುಖವಾಡಗಳೂ ಮಕ್ಕಳ ಗೀಚಾಟದಂತೆ ಕಂಡವು. ಜಾಮಿನಿ ರಾಯರಂತಹ ಕೆಲವರು ಮಾತ್ರ ಅವುಗಳ ಬಲವನ್ನು ಗುರುತಿಸಿದರು.

ಮುಂದಿನ ವರ್ಷ ಮುಂಬಯಿಯ ಸರದಿ. 1933ರ ಕೊನೆಯಲ್ಲಿ ಸರೋಜಿನೀದೇವಿ ಮೊದಲಾದವರು ಮುಂದೆ ನಿಂತು ಈ ನಗರದಲ್ಲಿ ಠಾಕೂರ್ ಸಪ್ತಾಹವನ್ನು ನಡೆಯಿಸಿದರು. ಎಪ್ಪತ್ತೆರಡರ ಕವಿಗಳು ಶಾಂತಿನಿಕೇತನದ ವಿದ್ಯಾರ್ಥಿ ವಿದ್ಯಾರ್ಥಿನಿಯರ ತಂಡದೊಡನೆ ಬಂದರು, ನೃತ್ಯನಾಟಕಗಳಾದವು, ಉಪನ್ಯಾಸಗಳಾದವು, ಟೌನ್ ಹಾಲಿನಲ್ಲಿ ಅವರ ಚಿತ್ರಗಳೂ ಶಾಂತಿನಿಕೇತನದ ಇತರರ ಚಿತ್ರಗಳೂ ಪ್ರದರ್ಶಿತವಾದವು. ಫೋರ್ಟಿನಲ್ಲಿ ದುಡಿಯುವ ನಮ್ಮ ಗುಮಾಸ್ತರು ಮಧ್ಯಾಹ್ನದ ಬಿಡುವಿನಲ್ಲಿ ಕಾಲು ಚಾಚಿ ಕುಳಿತುಕೊಳ್ಳುವ, ಏಷ್ಯಾಟಿಕ್ ಸೊಸೈಟಿಯ ಆ ಅಗಲವಾದ ಕಲ್ಲುಮೆಟ್ಟಲುಗಳ ಮೇಲಿನ ಕಟ್ಟಡವೇ ಟೌನ್ ಹಾಲ್. ಐವತ್ತೈದು ವರ್ಷಗಳ ಹಿಂದೆ ಇಂಗ್ಲಿಷ್ ಕಲಿಯಲು ನಾಚುತ್ತ ಬಂದಿದ್ದ ಹುಡುಗನು ತಾನು ಹೊಸದಾಗಿ ಕಲಿತ ವಿದ್ಯೆಯನ್ನು ಹಿಡಿದುಕೊಂಡು ಅದೇ ಊರಿಗೆ ಮರಳಿದ್ದನು.

ಈ ತಿರುಗಾಟವೆಲ್ಲ ಸಂತೋಷಕ್ಕಾಗಿಯೇ ಆಗಿತ್ತೆಂದು ತಿಳಿಯಬಾರದು. ವಿಶ್ವಭಾರತಿಯ ಬೊಕ್ಕಸ ಯಾವಾಗಲೂ ಬರಿದು. ಹಣ ಕೂಡಿಸಲು ವೃದ್ಧಕವಿ ಊರೂರು ಅಲೆಯಬೇಕಾಗಿತ್ತು. 1936ರಲ್ಲಿ ದಿಲ್ಲಿಯಲ್ಲಿ ಇದನ್ನು ಕಂಡು ಮರುಗಿದ ಗಾಂಧೀಜಿಯವರು 60,000 ರೂಪಾಯಿಗಳನ್ನು ದೊರಕಿಸಿಕೊಟ್ಟು, ಇನ್ನು ವಿಶ್ರಾಂತಿ ಪಡೆಯಿರೆಂದು ಅವರನ್ನು ಮನೆಗೆ ಕಳುಹಿಸಿದರು. ಇಂತಹ ಕ್ಲೇಶಗಳ ನಡುವೆ, ಯಾರ ಬೇಡಿಕೆಯೂ ಇಲ್ಲದೆ, ಯಾವ ಲಾಭವನ್ನೂ ನೆನೆಯದೆ ಮಾಡಬಹುದಾಗಿದ್ದ ಕೆಲಸವೆಂದರೆ ಚಿತ್ರವೊಂದೇ ಆಗಿತ್ತು. ನಾಟಕಕ್ಕೆ ಪಾತ್ರಧಾರಿಗಳು ಬೇಕು, ಶಾಲೆಗೆ ಹಣ ಬೇಕು, ಕವಿತೆಯನ್ನು ಜನ ಕಾದು ಕುಳಿತಿರುತ್ತಾರೆ. ಗೆರೆಗೆ ಇವು ಯಾವುವೂ ಬೇಡ.

1937ರಲ್ಲಿ ಎರಡು ಸಂಗತಿಗಳು ನಡೆದವು. ಹಿಟ್ಲರನ ಸರಕಾರವು ಹೊಸಬಗೆಯ ಕಲೆಯನ್ನೆಲ್ಲ ಕೆಟ್ಟುಹೋದ ಕಲೆಯೆಂದು ಸಾರಿ ಜರ್ಮನಿಯ ಸಂಗ್ರಹಾಲಯಗಳಿಂದ ಹೊರಗೆ ಹಾಕಿದಾಗ, ಬರ್ಲಿನ್ನಿನಲ್ಲಿದ್ದ ರವೀಂದ್ರರ ಐದು ಚಿತ್ರಗಳನ್ನೂ ಕಿತ್ತು ತೆಗೆಯಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಶಾಂತಿನಿಕೇತನದಲ್ಲಿ ಕವಿಗಳು ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪಿ ಬಿದ್ದರು. ಎರಡು ದಿನ ಎಚ್ಚರವಿರಲಿಲ್ಲ. ದೇಶವೇ ಕಳವಳದಿಂದ ಕಾದಿತ್ತು. ಎಚ್ಚರವಾದೊಡನೆ ಎಪ್ಪತ್ತಾರರ ಆ ವೃದ್ಧರು ಕೇಳಿದುದು ಕುಂಚ, ಬಣ್ಣಗಳನ್ನು. ಹತ್ತಿರದಲ್ಲಿದ್ದ ಪ್ಲೈವುಡ್ಡಿನ ತುಂಡೊಂದರ ಮೇಲೆ ಒಂದು ಭೂದೃಶ್ಯವನ್ನು ಬರೆದರು. ಕವಿತೆ ಆಮೇಲೆ ಬಂತು.

1940ರಲ್ಲಿ ಚಿತ್ರಲಿಪಿ ಎಂಬ ಹೆಸರಿನಲ್ಲಿ ಅವರ ಚಿತ್ರಗಳ ಪುಸ್ತಕವು ಹೊರಬಂತು. 1941ರ ಆಗಸ್ಟ್ 7ರಂದು, ಹುಟ್ಟಿದ ಜೋರಾಸಾಂಕೋ ಮನೆಯಲ್ಲಿಯೇ ಅವರು ಕಣ್ಣು ಮುಚ್ಚಿದರು.

1976ರಲ್ಲಿ ಭಾರತ ಸರಕಾರವು ಅವರ ಚಿತ್ರಗಳನ್ನು ದೇಶದ ಕಲಾನಿಧಿಯೆಂದು ಸಾರಿತು; ಅಂದಿನಿಂದ ಅವುಗಳನ್ನು ಮಾರಾಟಕ್ಕಾಗಿ ಹೊರದೇಶಕ್ಕೆ ಒಯ್ಯುವಂತಿಲ್ಲ. ಮೊದಲೇ ಹೊರಗಿದ್ದವುಗಳ ಬೆಲೆಯನ್ನು ಹೇಳುವುದಾದರೆ, ಇಂಗ್ಲೆಂಡಿನ ಡಾರ್ಟಿಂಗ್ಟನ್ ಸಂಸ್ಥೆಯಲ್ಲಿದ್ದ ಹನ್ನೆರಡು ಚಿತ್ರಗಳು 2010ರಲ್ಲಿ ಲಂಡನ್ನಿನಲ್ಲಿ ಹರಾಜಾದಾಗ ಹದಿನಾರು ಲಕ್ಷ ಪೌಂಡು ಬಂದಿತು. ಮರುವರ್ಷ, ಅವರ ನೂರೈವತ್ತನೆಯ ಜನ್ಮವರ್ಷದ ಸಂದರ್ಭದಲ್ಲಿ, ಅವರ ಚಿತ್ರಗಳನ್ನು ಆರ್. ಶಿವಕುಮಾರರು ನಾಲ್ಕು ದೊಡ್ಡ ಸಂಪುಟಗಳಲ್ಲಿ ಕೂಡಿಸಿ ಅಚ್ಚುಮಾಡಿಸಿದರು. ಮೂಲಚಿತ್ರಗಳಲ್ಲಿ ಹೆಚ್ಚಿನವು ಶಾಂತಿನಿಕೇತನದಲ್ಲಿವೆ. ಕವಿ ಹೆಸರಿಡದೆ ಬಿಟ್ಟುಹೋದುದರಿಂದ ಅವುಗಳಲ್ಲಿ ಬಹಳಷ್ಟನ್ನು ಇಂದಿಗೂ ಅಂಕೆಗಳಿಂದಲೇ ಗುರುತಿಸಬೇಕಾಗಿದೆ.